ಲೋಹದ ರೆಕ್ಕೆ, ಎರಡು ಹಂತದ ರಾಕೆಟ್

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನೆವಾಡ ರಾಜ್ಯದಲ್ಲಿ ಬ್ಲ್ಯಾಕ್ ರಾಕ್ ಎಂಬ ಮರುಭೂಮಿಯಿದೆ. ಹಿಂದೊಮ್ಮೆ ಸರೋವರದ ತಳವಾಗಿದ್ದ ಆ ನೆಲ ಈಗ ಮೈಲುಗಟ್ಟಲೆ ಚಪ್ಪಟೆಯಾಗಿ, ಬಿರುಕುಬಿಟ್ಟ ಒಣಮಣ್ಣಾಗಿ ಹರಡಿಕೊಂಡಿದೆ. ದೊಡ್ಡ ಮಾದರಿ ರಾಕೆಟ್ಟುಗಳನ್ನು ಹಾರಿಸುವ ಹವ್ಯಾಸಿಗಳಿಗೆ ಅಂಥ ಬಯಲು ಬೇರೆಡೆ ಸುಲಭಕ್ಕೆ ಸಿಗದು. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾಗ ನಾನೂ ಮೂವರು ಗೆಳೆಯರೂ ಸೇರಿ ಕಟ್ಟಿದ ಎರಡು ಹಂತದ ರಾಕೆಟ್ ಮೇಲೇರಿದ್ದು ಅಲ್ಲಿಂದಲೇ. ಅದರ ರೆಕ್ಕೆಗಳು ಅಲ್ಯೂಮಿನಿಯಂನವು.

ಮಕ್ಕಳು ಹಾರಿಸುವ ಪುಟ್ಟ ರಾಕೆಟ್ಟುಗಳ ಮೂತಿ, ಮೈ, ರೆಕ್ಕೆಗಳಲ್ಲಿ ಲೋಹ ಇರಕೂಡದೆಂದು ಅಲ್ಲಿನ ಸುರಕ್ಷತಾ ನಿಯಮ ಹೇಳುತ್ತದೆ. ದೊಡ್ಡ ರಾಕೆಟ್ಟುಗಳಿಗೆ ಮಾತ್ರ, ಅಗತ್ಯ ಬಿದ್ದಾಗ, ಪೆಟ್ಟು ಬಿದ್ದರೆ ಚೂರಾಗಿ ಸಿಡಿಯದೆ ಬಾಗಿಕೊಳ್ಳುವ ಲೋಹಕ್ಕೆ ಅನುಮತಿಯಿದೆ. 'ಅಗತ್ಯ ಬಿದ್ದಾಗ' ಎಂಬ ಆ ಮಾತನ್ನು ನಾವು ತಿಂಗಳುಗಟ್ಟಲೆ ಚರ್ಚಿಸಿದೆವು.

ರೆಕ್ಕೆಯ ಕೆಲಸ ರಾಕೆಟ್ಟನ್ನು ನೇರವಾಗಿ ನಡೆಸುವುದು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಈ ಕೆಲಸವನ್ನು ಉದ್ದನೆಯ ಬಿದಿರ ಗಳು ಮಾಡುತ್ತಿತ್ತು. ಅಲ್ಲಿ ಲೋಹವಿದ್ದದ್ದು ಮದ್ದು ತುಂಬುವ ಕಬ್ಬಿಣದ ಕೊಳವೆಯಲ್ಲಿ. ನಮ್ಮದರಲ್ಲಿ ಮೈಯೆಲ್ಲ ಫೈಬರ್‌ಗ್ಲಾಸ್, ರೆಕ್ಕೆ ಲೋಹ. ಧ್ವನಿಯ ಎರಡು ಪಟ್ಟು ವೇಗ ಮುಟ್ಟಬೇಕಾದ ರಾಕೆಟ್ಟಿನಲ್ಲಿ ತೆಳು ರೆಕ್ಕೆಗೆ ಎರಡು ಶತ್ರುಗಳಿವೆ. ಒಂದು ಬಿಸಿ. ಅಂಚಿಗೆ ಬಡಿದ ಗಾಳಿ 150 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಸಾಮಾನ್ಯ ಎಪಾಕ್ಸಿ ಅಂಟು ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಇನ್ನೊಂದು, ಹವ್ಯಾಸಿಗಳು ಫ್ಲಟರ್ ಎಂದು ಕರೆಯುವ ಅದುರುವಿಕೆ. ಒಂದು ಮಿತಿ ದಾಟಿದ ವೇಗದಲ್ಲಿ ಗಾಳಿಯೇ ರೆಕ್ಕೆಯನ್ನು ತಿರುಚಿ, ಬಿಟ್ಟು, ಮತ್ತೆ ತಿರುಚಿ, ಕಣ್ಣುಮಿಟುಕಿಸುವಷ್ಟರಲ್ಲಿ ಕಿತ್ತು ಬಿಸಾಡುತ್ತದೆ. ಈ ಮಿತಿಯನ್ನು ಅಂದಾಜು ಮಾಡಲು ಹವ್ಯಾಸಿಗಳು ಇಂದಿಗೂ ಬಳಸುವುದು, ನಾಸಾದ ಪೂರ್ವಜ ಸಂಸ್ಥೆಯಾದ ನಾಕಾ 1958ರಲ್ಲಿ ಹೊರತಂದ ಟಿಪ್ಪಣಿಯಿಂದ ಬಂದ ಸೂತ್ರವನ್ನು. ಅದರ ಪ್ರಕಾರ ರೆಕ್ಕೆಯ ದಪ್ಪ ಎರಡು ಪಟ್ಟಾದರೆ ಸುರಕ್ಷಿತ ವೇಗದ ಮಿತಿ ಸುಮಾರು 2.8 ಪಟ್ಟಾಗುತ್ತದೆ, ತಿರುಚನ್ನು ತಡೆಯುವ ಬಿಗಿತ ಹೆಚ್ಚಿದಷ್ಟೂ, ಸುತ್ತಲಿನ ಗಾಳಿ ತೆಳುವಾದಷ್ಟೂ ಮಿತಿ ಏರುತ್ತದೆ. ದಪ್ಪ ಹೆಚ್ಚಿಸಿದರೆ ಗಾಳಿಯ ಎಳೆತ ಹೆಚ್ಚುತ್ತದೆ. ಹಾಗಾಗಿ ತೆಳುವಾಗಿದ್ದೂ ಬಿಗಿಯಾಗಿರುವ ಅಲ್ಯೂಮಿನಿಯಂಗೆ ಬಂದು ನಿಂತೆವು.

ಮೂರು ಮಿಲಿಮೀಟರ್ ತಗಡನ್ನು ಕತ್ತರಿಸಿ, ವೈಸಿಗೆ ಕಚ್ಚಿಸಿ, ಅರದಿಂದ ಅಂಚನ್ನು ಇಳಿಜಾರಾಗಿ ಉಜ್ಜುತ್ತ ಹೋಗುವುದು ಸಂಜೆಗಳನ್ನೇ ನುಂಗುವ ಕೆಲಸ. ಹತ್ತು ಸಲ ಉಜ್ಜಿದ ಮೇಲೊಮ್ಮೆ ಸ್ಟೀಲ್ ಸ್ಕೇಲನ್ನು ಅಂಚಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ಸಂದಿನಲ್ಲಿ ಬೆಳಕು ಇಣುಕಿದರೆ ಮತ್ತೆ ಉಜ್ಜಬೇಕು. ಅಂಟನ್ನು ನಂಬದೆ ರೆಕ್ಕೆಗಳನ್ನು ಅಲ್ಯೂಮಿನಿಯಂ ಕೊಳವೆಯೊಂದಕ್ಕೆ ಸ್ಕ್ರೂ ಹಾಕಿ ಕೂರಿಸಿದೆವು.

ಆದರೆ ಅಲ್ಯೂಮಿನಿಯಂ ಅದೇ ಅಳತೆಯ ಫೈಬರ್‌ಗ್ಲಾಸಿಗಿಂತ ಸುಮಾರು ಒಂದೂವರೆ ಪಟ್ಟು ತೂಕ, ಆ ತೂಕ ಕೂರುವುದು ಬಾಲದಲ್ಲಿ. ರಾಕೆಟ್ಟಿನ ತೂಕ ಸಮತೂಗುವ ಬಿಂದುವಾದ ಗುರುತ್ವ ಕೇಂದ್ರ, ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದುವಾದ ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಮೈಯ ಒಂದು ವ್ಯಾಸದಷ್ಟು ಮುಂದಿರಬೇಕು. ಬಾಲ ಭಾರವಾದರೆ ಗುರುತ್ವ ಕೇಂದ್ರ ಹಿಂದಕ್ಕೆ ಜಾರುತ್ತದೆ. ಎರಡು ಹಂತದ ರಾಕೆಟ್ಟಿನಲ್ಲಿ ಈ ಲೆಕ್ಕವನ್ನು ಎರಡು ಸಲ ಮಾಡಬೇಕು, ಜೋಡಿಸಿದ ಇಡೀ ರಾಕೆಟ್ಟಿಗೊಮ್ಮೆ, ಕಳಚಿಕೊಂಡು ಒಂಟಿಯಾಗಿ ಹೋಗುವ ಮೇಲಿನ ಹಂತಕ್ಕೊಮ್ಮೆ. ನಮ್ಮ ಮೇಲಿನ ಹಂತ ಈ ಪರೀಕ್ಷೆಯಲ್ಲಿ ಸೋತಿತು. ಬ್ಯಾಟರಿಯನ್ನೂ ಎತ್ತರ ಅಳೆಯುವ ಆಲ್ಟಿಮೀಟರುಗಳನ್ನೂ ಮೂತಿಯೊಳಕ್ಕೆ ಒಯ್ದ ಮೇಲಷ್ಟೇ ಲೆಕ್ಕ ಸರಿಹೋಯಿತು.

ಇನ್ನು ಮೋಟಾರು. ಇವುಗಳ ದರ್ಜೆಯನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ, ಒಂದೊಂದು ಅಕ್ಷರ ಮುಂದೆ ಹೋದಂತೆ ಒಟ್ಟು ನೂಕಿನ, ಅಂದರೆ ನೂಕುವ ಬಲವನ್ನು ಉರಿಯುವ ಹೊತ್ತಿನಿಂದ ಗುಣಿಸಿದ ಮೊತ್ತದ, ಮಿತಿ ಎರಡು ಪಟ್ಟಾಗುತ್ತದೆ. ನಮ್ಮ ಕೆಳಗಿನ ಹಂತದ್ದು ಎಂ ದರ್ಜೆ, ಅಂದರೆ 5120ರಿಂದ 10240 ನ್ಯೂಟನ್ ಸೆಕೆಂಡ್. ಅದನ್ನು ಹಾರಿಸಲು ಹವ್ಯಾಸಿಗಳಿಗೆ ಕೊಡುವ ಮೂರನೆಯ ಮಟ್ಟದ ಅರ್ಹತಾ ಪತ್ರ ಬೇಕು. ಒಳಗಿರುವುದು ಅಮೋನಿಯಂ ಪರ್ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲಸಿ ಗಟ್ಟಿಮಾಡಿದ ಘನ ಇಂಧನ. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಉರಿಯುವುದೂ ಇದೇ ಜಾತಿಯದು. ಕರಿಮದ್ದಿನ ಪುಟ್ಟ ರಾಕೆಟ್ಟುಗಳಲ್ಲಿ ಕೆಳಗಿನ ಹಂತದ ಕಿಡಿಯೇ ಮೇಲಿನದನ್ನು ಹೊತ್ತಿಸುತ್ತದೆ. ಈ ಇಂಧನ ಹಾಗೆ ಹೊತ್ತದು. ಆಕಾಶದಲ್ಲಿ ಅದಕ್ಕೆ ವಿದ್ಯುತ್ತಿನಿಂದ ಬೆಂಕಿ ಕೊಡಬೇಕು, ಯಾವಾಗ ಕೊಡಬೇಕೆಂಬುದನ್ನು ಮೂತಿಯಲ್ಲಿರುವ ಪುಟ್ಟ ಕಂಪ್ಯೂಟರ್ ನಿರ್ಧರಿಸಬೇಕು.

ನನ್ನ ದೃಷ್ಟಿಯಲ್ಲಿ ಈ ಇಡೀ ವಿದ್ಯೆಯ ತಿರುಳು ಇಲ್ಲಿದೆ. ಮೊದಲ ಹಂತ ಉರಿದು ಮುಗಿದ ಕೂಡಲೇ ಎರಡನೆಯದನ್ನು ಹೊತ್ತಿಸುವುದಿಲ್ಲ. ಕೆಲವು ಸೆಕೆಂಡು ಬಂದ ವೇಗದಲ್ಲೇ ತೇಲಿ, ಗಾಳಿ ತೆಳುವಾದ ಎತ್ತರಕ್ಕೆ ಹೋಗಲು ಬಿಡುತ್ತಾರೆ. ಎಳೆತವೂ ತಗ್ಗುತ್ತದೆ, ರೆಕ್ಕೆಯ ಅದುರುವಿಕೆಯ ಭಯವೂ ತಗ್ಗುತ್ತದೆ. ಆದರೆ ಆ ತೇಲುವ ಹೊತ್ತಿನಲ್ಲಿ ರಾಕೆಟ್ ವಾಲಿದರೆ? ವಾಲಿದ ರಾಕೆಟ್ಟಿಗೆ ಬೆಂಕಿ ಕೊಟ್ಟರೆ ಅದು ಮೇಲೇರದೆ ದೂರಕ್ಕೆ ನುಗ್ಗುತ್ತದೆ. ಎಂ ದರ್ಜೆಯ ಒಂಟಿ ಹಂತದ ರಾಕೆಟ್ಟಿನಿಂದ ಜನ 500 ಅಡಿ ದೂರ ನಿಂತರೆ ಸಾಕು, ಬಹುಹಂತದ್ದಾದರೆ 1000 ಅಡಿ ಎಂದು ನಿಯಮವಿರುವುದು ಇಂಥ ಅಪಾಯಗಳನ್ನು ನೆನೆದೇ. ನಾವು ಕಂಪ್ಯೂಟರಿಗೆ 15 ಡಿಗ್ರಿಯ ಗೆರೆ ಹಾಕಿಕೊಟ್ಟೆವು.

ಮೊದಲ ಹಾರಾಟದಲ್ಲಿ ಗಾಳಿ ತುಸು ಜೋರಿತ್ತು. ಕೆಳಹಂತ ಸೊಗಸಾಗಿ ಏರಿತು, ಕಳಚಿತು, ಆಮೇಲೆ ಮೇಲೆ ಬರೀ ಮೌನ. ಕತ್ತೆತ್ತಿ ನಿಂತಿದ್ದ ನಮಗೆ ದುಃಖವೇ ಆಯಿತು. ಎರಡೂ ಹಂತಗಳು ಪ್ಯಾರಾಚೂಟಿನಲ್ಲಿ ಇಳಿದ ಮೇಲೆ ದಾಖಲೆ ತೆಗೆದು ನೋಡಿದರೆ, ವಾಲಿದ್ದು 19 ಡಿಗ್ರಿ. ಕಂಪ್ಯೂಟರ್ ಬೆಂಕಿ ಕೊಡದೆ ಸುಮ್ಮನಿದ್ದುಬಿಟ್ಟಿತ್ತು. ನನ್ನ ಮಟ್ಟಿಗೆ ಅದೇ ನಮ್ಮ ಅತ್ಯುತ್ತಮ ಹಾರಾಟ.

ಮರುವರ್ಷ ಗಾಳಿಯಿಲ್ಲದ ಬೆಳಗ್ಗೆ ಅದೇ ರಾಕೆಟ್ ಮತ್ತೆ ಏರಿತು, ಎಣಿಸಿದ ಹೊತ್ತಿಗೆ ಎತ್ತರದಲ್ಲಿ ಬಿಳಿ ಹೊಗೆಯ ಎರಡನೆಯ ಗೆರೆ ಮೂಡಿತು. ಮೈಲುಗಟ್ಟಲೆ ನಡೆದು ಮೇಲಿನ ಹಂತವನ್ನು ಹುಡುಕಿ ತೆಗೆದಾಗ ಮೂರೂ ರೆಕ್ಕೆಗಳ ಮುಂದಿನ ಅಂಚಿನ ಕೆಂಪು ಬಣ್ಣ ಸೀದು, ಬರಿಯ ಲೋಹ ಹೊಳೆಯುತ್ತಿತ್ತು. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಅಂಚಿಗೆ ಹಿಡಿದು, ಸೂರ್ಯನತ್ತ ಎತ್ತಿ ನೋಡಿದೆವು. ಎಲ್ಲಿಯೂ ಬೆಳಕು ತೂರಲಿಲ್ಲ.

ನಮಸ್ಕಾರ.