ಕೆರೆ ಏರಿಯ ಮೇಲೆ ಫ್ಲೈ ಗಾಳ

ಕೇಳುಗರೆಲ್ಲರಿಗೂ ನಮಸ್ಕಾರ. ಯುಗಾದಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ತುಮಕೂರು ಜಿಲ್ಲೆಯ ಕೆರೆಗಳಲ್ಲಿ ನೀರು ಅಂಗಳ ಬಿಟ್ಟು ತೂಬಿನ ಕಡೆಗೆ ಸರಿದಿರುತ್ತದೆ. ಮೂರ್ನಾಲ್ಕು ಜನ ಗೆಳೆಯರು ಸೇರಿ ಫ್ಲೈ ಗಾಳ ಹಿಡಿದು ಒಂದು ಬೆಳಗ್ಗೆ ಕೆರೆಗೆ ಹೋಗಿಬರೋಣ ಅಂದುಕೊಂಡಿದ್ದರೆ ಇದೇ ಕಾಲ.

ಎರೆಹುಳು ಸಿಕ್ಕಿಸಿ ಬೆಂಡು ನೋಡುತ್ತ ಕೂರುವ ಗಾಳ ನಮಗೆಲ್ಲ ಗೊತ್ತಿರುವುದೇ. ಫ್ಲೈ ಗಾಳದಲ್ಲಿ ಹುಳವೂ ಇಲ್ಲ, ಸೀಸದ ಗುಂಡೂ ಇಲ್ಲ. ಕೊಕ್ಕೆಗೆ ಗರಿ, ಉಣ್ಣೆ ಸುತ್ತಿ ಹುಳದ ಇಲ್ಲವೇ ಮರಿಮೀನಿನ ಆಕಾರ ಕೊಟ್ಟಿರುತ್ತಾರೆ, ಅದೇ ಫ್ಲೈ. ಅದಕ್ಕೆ ತೂಕವಿಲ್ಲ, ಹಾಗೇ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅದನ್ನು ಹೊತ್ತೊಯ್ಯುವುದು ದಪ್ಪನೆಯ ಲೈನಿನ ತೂಕ. ಈ ಕಲೆ ಬೆಳೆದದ್ದು ತಣ್ಣನೆಯ ಹೊಳೆಗಳ ಟ್ರೌಟ್ ಮೀನಿಗಾಗಿ. ನಮ್ಮ ದೇಶದಲ್ಲೂ ಕಾಶ್ಮೀರ, ಹಿಮಾಚಲ, ನೀಲಗಿರಿಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಟ್ರೌಟ್ ಇದೆ. ಬಯಲುಸೀಮೆಯ ಕೆರೆಯ ಲೆಕ್ಕವೇ ಬೇರೆ. ವಿಡಿಯೋ ನೋಡಿ ಕಲಿತದ್ದರಲ್ಲಿ ಅರ್ಧವನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲು ಅನುಮತಿ. ನಮ್ಮ ಕೆರೆಗಳ ಮೀನು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟವರು ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರು. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಇಲ್ಲವೇ ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿದರೆ ಯಾರ ಹೆಸರಿಗಿದೆ ಎಂದು ತಿಳಿಯುತ್ತದೆ. ಹಿಂದಿನ ದಿನವೇ ಹೋಗಿ ಅವರ ಒಪ್ಪಿಗೆ ಪಡೆಯಿರಿ. ಹಿಡಿದದ್ದನ್ನು ಬಿಡುತ್ತೀರೋ ಒಯ್ಯುತ್ತೀರೋ ಅನ್ನುವುದನ್ನೂ ಅಲ್ಲೇ ಮಾತಾಡಿಕೊಳ್ಳಿ. ತುಮಕೂರು ನಗರಕ್ಕೆ ನೀರು ಕೊಡುವ ಬುಗುಡನಹಳ್ಳಿ ಕೆರೆಯಂಥ ಕುಡಿಯುವ ನೀರಿನ ಕೆರೆಗಳ ಆಸೆ ಬೇಡ. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿಯಂಥ ಜಲಾಶಯಗಳಲ್ಲೂ ಕೇಳದೆ ಇಳಿಯುವಂತಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಯುತ್ತದೆ. ಒಂಬತ್ತು ಅಡಿಯ, ಆರನೇ ನಂಬರಿನ, ನಾಲ್ಕು ತುಂಡಾಗಿ ಬಿಚ್ಚುವ ರಾಡ್. ನಂಬರ್ ಅಂದರೆ ಅದು ಹೊರುವ ಲೈನಿನ ತೂಕದ ಅಳತೆ. ಅದೇ ನಂಬರಿನ ತೇಲುವ ಲೈನ್. ತುದಿಗೆ ಏಳೂವರೆ ಅಡಿಯ, ಬರಬರುತ್ತ ತೆಳುವಾಗುವ ನೈಲಾನ್ ಲೀಡರ್. ಅದರ ಕೊನೆಗೆ ಎರಡು ಅಡಿ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತೆಳು ನೈಲಾನ್, ಎಂಟು ಪೌಂಡ್ ತಡೆಯುವಂಥದ್ದು. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣಗಿದ ನೈಲಾನ್ ಉಜ್ಜಿದಾಗ ಬಿಸಿಯಾಗಿ ಸೊರಗುತ್ತದೆ, ಮೀನು ಎಳೆದಾಗ ಸರಿಯಾಗಿ ಗಂಟಿನಲ್ಲೇ ಕಡಿಯುತ್ತದೆ. ನಾಲ್ಕು ಜನಕ್ಕೆ ನಾಲ್ಕು ರಾಡ್ ಬೇಕಿಲ್ಲ, ಎರಡು ಸಾಕು. ಯಾಕೆಂದು ಆಮೇಲೆ ಹೇಳುತ್ತೇನೆ.

ಫ್ಲೈ ಕಟ್ಟುವ ಕೆಲಸದಲ್ಲಿ ಮಾತ್ರ ಸ್ವಲ್ಪ ನಿಲ್ಲೋಣ. ಕೆರೆಗೆ ಒಂದೇ ಒಂದು ಫ್ಲೈ ಒಯ್ಯಬೇಕೆಂದರೆ ಅದು ವೂಲಿ ಬಗರ್. ಉದ್ದ ಕಾಲಿನ ಎಂಟನೇ ನಂಬರ್ ಕೊಕ್ಕೆಯನ್ನು ಸಣ್ಣ ವೈಸ್‌ಗೆ ಕಚ್ಚಿಸಿ, ಕಾಲಿಗೆ ತೆಳು ತಾಮ್ರದ ತಂತಿಯನ್ನು ಎಂಟು ಸುತ್ತು ಸುತ್ತಿ. ಮುಳುಗುವುದಕ್ಕೆ ಅಷ್ಟು ಭಾರ ಬೇಕು. ಕೋಳಿಯ ತೊಡೆಯ ಹತ್ತಿರದ ಮೆತ್ತನೆಯ ನವಿರುಗರಿಯನ್ನು ಬಾಲಕ್ಕೆ ಕಟ್ಟಿ. ಬಾಲ ಕೊಕ್ಕೆಯ ಕಾಲಿನಷ್ಟೇ ಉದ್ದವಿರಲಿ. ಹೆಚ್ಚಾದರೆ ಮೀನು ಬಾಲವನ್ನಷ್ಟೇ ಕಚ್ಚಿ ಬಿಡುತ್ತದೆ. ಬಾಲದ ಬುಡದಲ್ಲೇ ಹುಂಜದ ಕತ್ತಿನ ಉದ್ದ ಗರಿಯೊಂದನ್ನು ತುದಿಯ ಕಡೆಯಿಂದ ಕಟ್ಟಿ ಹಾಗೇ ಬಿಡಿ. ಈಗ ಕಂದು ಅಥವಾ ಪಾಚಿ ಬಣ್ಣದ ಉಲ್ಲನ್ ದಾರವನ್ನು ಕೊಕ್ಕೆಯ ಕಣ್ಣಿನ ಹತ್ತಿರದವರೆಗೆ ಸುತ್ತಿ, ಅದರ ಮೇಲೆ ಗರಿಯನ್ನು ಐದು ಸುತ್ತು ಬಿಡುಬಿಡಿಯಾಗಿ ತಂದು ಗಂಟು ಹಾಕಿ. ಕಣ್ಣಿನ ಹಿಂದೆ ಒಂದೆರಡು ಮಿಲಿಮೀಟರ್ ಜಾಗ ಖಾಲಿ ಉಳಿಯಬೇಕು. ಹೊಸಬರ ಕೈಯಲ್ಲಿ ಇಲ್ಲೇ ದಾರ ಗುಡ್ಡೆಯಾಗಿ ಕಣ್ಣು ಮುಚ್ಚಿಹೋಗುವುದು. ಗರಿ ಕೋಳಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿದ ಡಬ್ಬಿಯಲ್ಲಿಡಿ. ವಿದೇಶಿ ಪಾಠಗಳಲ್ಲಿ ಜಿಂಕೆ ಕೂದಲು ಎಂದು ಬರುತ್ತದೆ. ಅದರ ತಂಟೆಗೆ ಹೋಗಬೇಡಿ, ವನ್ಯಜೀವಿ ಕಾಯ್ದೆ ಇದೆ. ತೇಲುವ ಕಪ್ಪೆ ಬೇಕಾದರೆ ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಕೊರೆದು ಕೊಕ್ಕೆಗೆ ಅಂಟಿಸಿದರೆ ಸೊಗಸಾದ ಕಪ್ಪೆಯಾಗುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನನ್ನು ಬಿಡುವುದೂ ಸಲೀಸು, ಗೆಳೆಯನ ಕಿವಿಗೆ ಸಿಕ್ಕಿದರೆ ಬಿಡಿಸುವುದೂ ಸಲೀಸು.

ಬೀಸುವುದನ್ನು ನೀರಿನ ಹತ್ತಿರ ಕಲಿಯಬೇಡಿ. ಶಾಲೆಯ ಹುಲ್ಲಿನ ಮೈದಾನ ಸಾಕು, ಕೊಕ್ಕೆಯ ಬದಲು ತುದಿಗೆ ಒಂದು ಎಳೆ ಉಲ್ಲನ್ ಕಟ್ಟಿ. ರಾಡನ್ನು ಹಿಂದಕ್ಕೆತ್ತಿ ಗಡಿಯಾರದ ಒಂದು ಗಂಟೆಯ ಜಾಗದಲ್ಲಿ ಗಕ್ಕನೆ ನಿಲ್ಲಿಸಿ, ಲೈನ್ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕಾದು, ಮುಂದಕ್ಕೆ ತಂದು ಹತ್ತು ಗಂಟೆಯ ಜಾಗದಲ್ಲಿ ನಿಲ್ಲಿಸುವುದು. ಕಾಯದೆ ಮುಂದಕ್ಕೆ ಎಳೆದರೆ ಚಟೀರ್ ಎಂದು ಚಾಟಿಯ ಸದ್ದು ಬರುತ್ತದೆ. ಆ ಸದ್ದಿನ ಜೊತೆಗೇ ಫ್ಲೈ ಹರಿದುಹೋಗಿರುತ್ತದೆ. ಹತ್ತು ಮೀಟರ್ ನೇರವಾಗಿ ಬಿದ್ದರೆ ಕೆರೆಗೆ ಸಾಕು.

ಇನ್ನು ಏರಿ. ಏರಿಯ ಒಳಮೈಯ ಕಲ್ಲುಕಟ್ಟಣೆಯ ಮೇಲೆ ನಿಂತು ಬೀಸಿದರೆ ಬೆನ್ನ ಹಿಂದೆ ಏರಿಯೇ ಎದ್ದು ನಿಂತಿರುತ್ತದೆ. ಫ್ಲೈ ಕಲ್ಲಿಗೆ ಬಡಿದು ಕೊಕ್ಕೆಯ ಮೊನೆ ಮುರಿಯುತ್ತದೆ. ಮೀನು ಕಚ್ಚಿಯೂ ಸಿಕ್ಕುತ್ತಿಲ್ಲ ಎಂದರೆ ಮೊದಲು ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ; ಜಾರಿದರೆ ಮೊಂಡಾಗಿದೆ. ಹಿಂದೆ ಜಾಲಿ ಇದ್ದರಂತೂ ಹತ್ತು ನಿಮಿಷಕ್ಕೊಂದು ಫ್ಲೈ ಹೋಗುತ್ತದೆ. ಇಂಥ ಕಡೆ ಲೈನನ್ನು ಹಿಂದಕ್ಕೆ ಎಸೆಯದೆ, ನೀರ ಮೇಲೇ ನಿಧಾನ ಎಳೆದು, ರಾಡು ಕಿವಿಯ ಹಿಂದೆ ಬಂದಾಗ ನಿಲ್ಲಿಸಿ ಮುಂದಕ್ಕೆ ಒತ್ತುವ ರೋಲ್ ಕಾಸ್ಟ್ ಬೇಕು. ಎರಡೇ ರಾಡ್ ಸಾಕು ಅಂದದ್ದು ಇದಕ್ಕೇ. ಒಬ್ಬ ಬೀಸುವಾಗ ಇನ್ನೊಬ್ಬ ಹಿಂದೆ ನೋಡುತ್ತಿರಬೇಕು: ಏರಿ ಮೇಲೆ ಎಮ್ಮೆ ಬರುತ್ತವೆ, ಸ್ಕೂಟರ್ ಬರುತ್ತದೆ, ಮಕ್ಕಳು ಬರುತ್ತಾರೆ. ಬೀಸುವ ಇಬ್ಬರ ನಡುವೆ ಇಪ್ಪತ್ತು ಮೀಟರ್ ಇರಲಿ. ಗಾಳಿ ಬಲಗಡೆಯಿಂದ ಬೀಸುತ್ತಿದ್ದರೆ ಬಲಗೈಯವರ ಫ್ಲೈ ಅವರ ತಲೆಗೇ ಬರುತ್ತದೆ. ಕೆರೆಯ ಎದುರು ದಡಕ್ಕೆ ಹೋಗಿ. ಕನ್ನಡಕ, ಟೋಪಿ ಇಲ್ಲದವರು ರಾಡ್ ಮುಟ್ಟುವುದೇ ಬೇಡ.

ಎಲ್ಲಕ್ಕಿಂತ ದೊಡ್ಡ ಅಪಾಯ ತಲೆಯ ಮೇಲಿರುತ್ತದೆ. ತೋಟದ ಪಂಪ್‌ಸೆಟ್ಟಿಗೆ ಹೋಗುವ ಕರೆಂಟ್ ತಂತಿ ಎಷ್ಟೋ ಕಡೆ ಜೋತುಬಿದ್ದು ಹಾದುಹೋಗಿರುತ್ತದೆ. ಈಗಿನ ರಾಡ್‌ಗಳು ಕಾರ್ಬನ್‌ನವು, ಕರೆಂಟ್ ಹರಿಯುತ್ತದೆ. ತಂತಿ ಕಂಡ ಕಡೆ ರಾಡ್ ಜೋಡಿಸಲೂಬೇಡಿ.

ಯಾವ ಮೀನು? ಕಾಟ್ಲಾ ಮೇಲೆ ತೇಲಿ ತಿರುಗುವುದನ್ನು ಕಂಡು ಅದರ ಹಿಂದೆ ಬಿದ್ದು ಬೆಳಗ್ಗೆಯೆಲ್ಲ ಕಳೆಯುವವರಿದ್ದಾರೆ. ಕಾಟ್ಲಾ, ಬೆಳ್ಳಿಗೆಂಡೆ ಎರಡೂ ನೀರಿನ ಸೂಕ್ಷ್ಮ ಜೀವಿಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುವಂಥವು, ಫ್ಲೈಯನ್ನು ಕಚ್ಚುವುದು ಅಪರೂಪ. ನಂಬಬಹುದಾದದ್ದು ಜಿಲೇಬಿ, ಅಂದರೆ ತಿಲಾಪಿಯಾ. ಕಲ್ಲುಕಟ್ಟಣೆಯ ಸಂದಿಗಳಲ್ಲಿ, ಒಂದೆರಡು ಅಡಿ ನೀರಲ್ಲಿ ಇರುತ್ತದೆ. ವೂಲಿ ಬಗರ್ ಮುಳುಗಲು ಬಿಟ್ಟು ಲೈನನ್ನು ಗೇಣು ಗೇಣಾಗಿ ಎಳೆಯಿರಿ. ತಳದ ಕೆಸರು ಕೆದಕಿ ಗುಳ್ಳೆ ಎಬ್ಬಿಸುತ್ತಿರುವುದು ಸಾಮಾನ್ಯ ಗೆಂಡೆ. ಅದರ ಮುಂದೆ ಎರಡು ಅಡಿಗೆ ಹಾಕಿ, ಎಳೆಯದೆ ಕಾಯಬೇಕು. ಜೊಂಡಿನ ಅಂಚಿನ ರಾಜ ಕೊರವ ಮೀನು. ಗಾಳಿ ಕುಡಿಯಲು ಆಗಾಗ ಮೇಲೆ ಬಂದು ಒಂದು ಉಂಗುರ ಬಿಟ್ಟು ಹೋಗುತ್ತದೆ. ಅಲ್ಲಿಗೆ ಚಪ್ಪಲಿ ರಬ್ಬರಿನ ಕಪ್ಪೆ. ಹಲ್ಲು ಹರಿತ, ಆದ್ದರಿಂದ ಕೊನೆಯ ಒಂದಡಿಗೆ ಮೂವತ್ತು ಪೌಂಡಿನ ದಪ್ಪ ನೈಲಾನ್ ಇರಲಿ. ನೀರು ಸಿಡಿದ ಕೂಡಲೇ ರಾಡ್ ಎತ್ತಿದರೆ ಕಪ್ಪೆ ಬಾಯಿಂದ ಜಾರುತ್ತದೆ. ಒಂದು ಕ್ಷಣ ತಡೆದು, ರಾಡ್ ತಗ್ಗಿಸಿಟ್ಟು ಲೈನನ್ನೇ ಕೈಯಲ್ಲಿ ಜಗ್ಗಬೇಕು. ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡರೆ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ. ಆ ಜಾಗ ಬಿಟ್ಟುಬಿಡಿ. ದೊಡ್ಡದನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು.

ಹೊತ್ತು ಬೆಳಗ್ಗೆ ಆರೂವರೆಯಿಂದ ಒಂಬತ್ತು. ನೀರು ಬಿಸಿಯಾದಷ್ಟೂ ಅದು ಹಿಡಿಯುವ ಆಮ್ಲಜನಕ ಕಡಿಮೆ. ಇಪ್ಪತ್ತು ಡಿಗ್ರಿಯ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಮೂವತ್ತು ಡಿಗ್ರಿಯದು ಹಿಡಿಯುವುದು ಸುಮಾರು 7.5. ಪಾಚಿಯೂ ರಾತ್ರಿಯೆಲ್ಲ ಉಸಿರಾಡುವುದರಿಂದ ಹಸಿರುಗಟ್ಟಿದ ಕೆರೆಯಲ್ಲಿ ನಸುಕಿಗೆ ಆಮ್ಲಜನಕ ತೀರ ಕಡಿಮೆ. ಗೆಂಡೆಗಳು ಸಾಲುಸಾಲಾಗಿ ಬಾಯಿ ಮೇಲೆತ್ತಿ ನೀರ ಮೇಲ್ಮೈ ಹೀರುತ್ತಿದ್ದರೆ ಹಸಿವೆಂದು ತಿಳಿಯಬೇಡಿ, ಅವು ಉಸಿರಿಗೆ ಒದ್ದಾಡುತ್ತಿವೆ. ಗಾಳ ಸುತ್ತಿಟ್ಟು ಗುತ್ತಿಗೆದಾರರಿಗೆ ಫೋನ್ ಮಾಡಿ, ಅವರ ವರ್ಷದ ಬೆಳೆ ಉಳಿದೀತು. ಬಿಡುವ ಮೀನನ್ನು ಒಣಗೈಯಲ್ಲಿ ಹಿಡಿಯಬೇಡಿ. ಮೈಯ ಲೋಳೆ ಹೋದರೆ ಸೋಂಕು ತಗಲುತ್ತದೆ. ಕ್ಯಾತಸಂದ್ರದ ತಟ್ಟೆ ಇಡ್ಲಿಗೆ ಬರುವಾಗ ನಿಲ್ಲಿ. ಹೋಗುವಾಗ ನಿಂತರೆ ಬೆಳಗಿನ ಹೊತ್ತು ಅಲ್ಲೇ ಮುಗಿಯಿತು.

ಸಂಜೆ ಹೋಗುವವರು ಅಶ್ವಿನಿ, ಭರಣಿ ಮಳೆಯ ಗುಡುಗು ಕೇಳಿದ ಕೂಡಲೇ ರಾಡ್ ನೆಲಕ್ಕಿಟ್ಟು ಏರಿ ಇಳಿದು ಕಾರು ಸೇರಬೇಕು. ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಮಣ್ಣು ತೆಗೆದ ಗುಂಡಿಗಳು ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದ ಇರುತ್ತವೆ, ಮೇಲಿಂದ ಕಾಣುವುದಿಲ್ಲ. ಫ್ಲೈ ಸಿಕ್ಕಿಕೊಂಡರೆ ಟಿಪ್ಪೆಟ್ ಕಡಿಯುವಂತೆ ಎಳೆದುಬಿಡಿ, ಕೋಳಿಗರಿಗೇನು ಬರವಿಲ್ಲ.

ಹೊರಡುವಾಗ ಕತ್ತರಿಸಿದ ನೈಲಾನ್ ಚೂರುಗಳನ್ನು ಡಬ್ಬಿಗೆ ಹಾಕಿಕೊಳ್ಳಿ. ಬೆಳ್ಳಕ್ಕಿ, ನೀರುಕಾಗೆಯ ಕಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಮನೆಗೆ ಬಂದು ಲೈನನ್ನು ಬಕೆಟ್ಟಿನ ಸೋಪುನೀರಲ್ಲಿ ಅದ್ದಿ ಬಟ್ಟೆಯಲ್ಲಿ ಎಳೆದು ಒರೆಸಿ. ಕೆರೆಯ ಪಾಚಿ ಹತ್ತಿದ ಲೈನ್ ಮುಂದಿನ ಸಲ ತೇಲುವುದಿಲ್ಲ, ರಾಡಿನ ಬಳೆಗಳಲ್ಲಿ ಜಾರುವುದೂ ಇಲ್ಲ. ನಮಸ್ಕಾರ.