ನಮ್ಮದೇ ಕಾಫಿಗೆ ನಮಗೇ ರೇಟು

ಕೇಳುಗರಿಗೆಲ್ಲ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತೋಟ ನಮ್ಮದೇ, ಹುರಿದು ಪುಡಿ ಮಾಡುವ ಘಟಕ ನಮ್ಮದೇ, ಪೇಟೆಯ ಅಂಗಡಿಯೂ ನಮ್ಮದೇ. ಆದರೂ ತಿಂಗಳ ಕೊನೆಗೆ ಜಗಳ ತಪ್ಪುತ್ತಿರಲಿಲ್ಲ. ತೋಟದವರು ಬೀಜಕ್ಕೆ ಎಷ್ಟು ಹಾಕಬೇಕು, ಘಟಕದವರು ಹುರಿದದ್ದಕ್ಕೆ ಎಷ್ಟು ಹಾಕಬೇಕು ಅಂತ. ಈ ಜೇಬಿನ ದುಡ್ಡು ಆ ಜೇಬಿಗೆ ಹೋಗುತ್ತದೆ, ಅಷ್ಟೇ ಅಲ್ವಾ, ಇದಕ್ಕೆ ಯಾಕೆ ಗಲಾಟೆ ಅಂದುಕೊಂಡಿದ್ದೆ. ಮ್ಯಾನೇಜರುಗಳ ಬೋನಸ್ಸು ಅವರವರ ವಿಭಾಗದ ಲಾಭದ ಮೇಲಿದೆ ಅಂತ ಆಮೇಲೆ ಗೊತ್ತಾಯಿತು!

ಬೀಜದ ಲೆಕ್ಕ ಸುಲಭ. ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜ, 50 ಕೆಜಿ ಮೂಟೆಗೆ ಇಷ್ಟು ಅಂತ ಪೇಟೆ ರೇಟು ಇದ್ದೇ ಇರುತ್ತದೆ. ಹೊರಗೆ ಮಾರಿದರೂ ತೋಟಕ್ಕೆ ಅದೇ ಸಿಗುತ್ತಿತ್ತು, ಹಾಗಾಗಿ ಅದನ್ನೇ ಹಾಕಿ, ಸಾಗಣೆ ಖರ್ಚು ಉಳಿದರೆ ಅಷ್ಟು ಕಳೆಯಬೇಕು. ನಾವು ಮೊದಲು ಬೆಳೆದ ಖರ್ಚಿಗೇ ಕೊಡುತ್ತಿದ್ದೆವು. ಅಂಗಡಿಗೆ ಭರ್ಜರಿ ಲಾಭ. ಪೇಟೆ ರೇಟು ಹಾಕಿ ನೋಡಿದರೆ ಅಂಗಡಿಯ ಬಾಡಿಗೆಯೂ ಹುಟ್ಟುತ್ತಿರಲಿಲ್ಲ.

ಹುರಿಯುವುದೇ ತಲೆನೋವು. ಹಾಸನದ ಒಂದು ಹೋಟೆಲಿನವರು ತಿಂಗಳಿಗೆ 500 ಕೆಜಿ ಪುಡಿ ಕೇಳಿದರು, ಚೌಕಾಸಿ ಜೋರಾಗಿತ್ತು. ಅವರು ಹೇಳಿದ ಬೆಲೆಯಲ್ಲಿ ಬೀಜ, ಪ್ಯಾಕಿಂಗ್, ಲಾರಿ ಎಲ್ಲ ಕಳೆದರೆ ಹುರಿಯುವುದಕ್ಕೆ ಕೆಜಿಗೆ 45 ರೂಪಾಯಿ ಉಳಿಯುತ್ತಿತ್ತು. ಘಟಕದ ರೇಟು 60. ಅಂಗಡಿಯವರು ಆಗಲ್ಲ ಅಂದುಬಿಟ್ಟರು. ಆದರೆ ಆ 60ರಲ್ಲಿ ಗ್ಯಾಸು, ಕರೆಂಟು, ಕೂಲಿ ಸೇರಿ 20 ಮಾತ್ರ. ಮಿಕ್ಕ 40 ಯಂತ್ರದ ಸಾಲ, ಶೆಡ್ಡಿನ ಬಾಡಿಗೆ, ಹುರಿದರೂ ಹುರಿಯದಿದ್ದರೂ ಕಟ್ಟಲೇಬೇಕಾದ್ದು. ಯಂತ್ರವೋ ಅರ್ಧ ದಿನ ಸುಮ್ನೆ ನಿಂತಿರುತ್ತಿತ್ತು. 45ರಲ್ಲಿ 20 ಕಳೆದು ಕೆಜಿಗೆ 25ರಂತೆ ತಿಂಗಳಿಗೆ 12,500 ರೂಪಾಯಿ ನಾವೇ ಕೈಬಿಟ್ಟೆವು. ಯಂತ್ರಕ್ಕೆ ದಿನವಿಡೀ ಹೊರಗಿನವರ ಕೆಲಸ ಇದ್ದಿದ್ದರೆ ಮಾತು ಬೇರೆ, ಅದನ್ನು ಬಿಟ್ಟದ್ದಕ್ಕೆ ಆಗುವ ನಷ್ಟವನ್ನೂ ರೇಟಿಗೆ ಸೇರಿಸಬೇಕಿತ್ತು.

ಅಂದಹಾಗೆ, ಇದು ಮನೆಯೊಳಗಿನ ಲೆಕ್ಕ. ಹೊರದೇಶದಲ್ಲಿರುವ ತಮ್ಮದೇ ಕಂಪನಿಗೆ ಮಾರುವವರು ಮನಸ್ಸಿಗೆ ಬಂದ ರೇಟು ಹಾಕುವಂತಿಲ್ಲ. ಸಂಬಂಧವಿಲ್ಲದವರಿಗೆ ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು ಅಂತ 2001ರಲ್ಲೇ ಆದಾಯ ತೆರಿಗೆ ಕಾನೂನಿಗೆ ತಿದ್ದುಪಡಿ ಬಂತು.

ಕೊನೆಗೆ ನಾವು ಮಾಡಿದ್ದು ಇಷ್ಟು. ಹುರಿಯುವುದಕ್ಕೆ ಕೆಜಿಗೆ 20 ರೂಪಾಯಿ, ಯಂತ್ರ ಮತ್ತು ಬಾಡಿಗೆಯ ಬಾಬ್ತು ಮಾತ್ರ ಅಂಗಡಿಯಿಂದ ತಿಂಗಳಿಗೊಮ್ಮೆ ಇಡಿಯಾಗಿ. ಹೋಟೆಲಿನವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಮುಂದಿನ ತಿಂಗಳ ಮೀಟಿಂಗಿಗೆ ಘಟಕದ ಮ್ಯಾನೇಜರು ಗ್ಯಾಸಿನ ಬಿಲ್ಲು ಹಿಡಿದುಕೊಂಡೇ ಬಂದರು: 20 ಸಾಲಲ್ಲ ಸಾರ್, 23 ಮಾಡಿ.