ಕ್ರೂಸ್ ಸಾಯಂಕಾಲಕ್ಕೆ ದಪ್ಪ ಸ್ವೆಟರ್ ಬೇಡ, ಗಾಳಿ ತಡೆಯೋ ಬಟ್ಟೆ ಬೇಕು

ನಮಸ್ಕಾರ ಎಲ್ರಿಗೂ. ಇವತ್ತು ಬಟ್ಟೆ ಬಗ್ಗೆ ಮಾತಾಡ್ತೀನಿ, ಫ್ಯಾಷನ್ ಅಲ್ಲ, ಬೇಸಿಗೆ ರಜೆಯಲ್ಲಿ ಮಕ್ಕಳು, ವಯಸ್ಸಾದವರು ಎಲ್ಲಾರ್ನೂ ಕಟ್ಕೊಂಡು ಕ್ರೂಸ್‌ಗೆ ಹೊರಟಾಗ ಸಾಯಂಕಾಲದ ಗಾಳಿಗೆ ಏನು ಪ್ಯಾಕ್ ಮಾಡ್ಬೇಕು ಅನ್ನೋ ವಿಷಯ. ಇಷ್ಟಕ್ಕೆಲ್ಲಾ ಒಂದು ವಿಡಿಯೋ ಬೇಕಾ ಅನ್ಸ್‌ಬಹುದು ನಿಮಗೆ. ಬೇಕು ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ, ಯಾಕಂದ್ರೆ ನಮ್ಮ ಮೊದಲ ಕ್ರೂಸ್‌ನ ಮೊದಲ ಸಾಯಂಕಾಲ ನಮ್ಮ ಕೈ ತಪ್ಪಿ ಹೋಗಿದ್ದು ಇದೇ ಕಾರಣಕ್ಕೆ.

ಹೊರಡೋಕೆ ಮುಂಚೆ ಫೋನಲ್ಲಿ ಹವಾಮಾನ ನೋಡಿದ್ವಿ, 27 ಡಿಗ್ರಿ ಅಂತಿತ್ತು. ಸರಿ, ಬೇಸಿಗೆ ತಾನೆ ಅಂತ ಎಲ್ಲಾ ತೆಳು ಕಾಟನ್ ಬಟ್ಟೆ ತುಂಬಿದ್ವಿ, ಇರ್ಲಿ ಅಂತ ತಲೆಗೊಂದು ಸ್ವೆಟರ್, ಅದೂ ದೊಡ್ಡ ಸೂಟ್‌ಕೇಸ್‌ನ ತಳದಲ್ಲಿ. ಹಡಗು ಹತ್ತಿದಾಗ ಬಂದರಲ್ಲಿ ಸುಡು ಬಿಸಿಲು, ಎಲ್ರಿಗೂ ಬೆವರು. ಮಗಳು ನೇರ ಹೋಗಿ ಈಜುಕೊಳಕ್ಕೆ ಇಳಿದ್ಲು. ಹಡಗು ಹೊರಡೋದನ್ನ ನೋಡೋಣ ಅಂತ ನಾವೆಲ್ಲಾ ಮೇಲಿನ ಡೆಕ್ಕಲ್ಲೇ ನಿಂತ್ವಿ, ನಮ್ಮತ್ತೆಗೆ ಒಂದು ಕುರ್ಚಿ ಹಾಕಿ ಕೂರ್ಸಿದ್ವಿ. ಹಡಗು ಹೊರಟು ಅರ್ಧ ಮುಕ್ಕಾಲು ಗಂಟೆ ಆಗಿರ್ಬೇಕು ಅಷ್ಟೇ, ಒದ್ದೆ ತಲೆಯ ಮಗು ತುಟಿ ನೀಲಿ ಮಾಡ್ಕೊಂಡು ಗಡಗಡ ನಡುಗ್ತಾ ಇತ್ತು, ಅತ್ತೆ ಸೆರಗನ್ನೇ ಕಿವಿ ಮೇಲೆ ಎಳ್ಕೊಂಡು ಮುದುರ್ಕೊಂಡು ಕೂತಿದ್ರು. ಸ್ವೆಟರ್ ತರೋಣ ಅಂತ ನಮ್ಮ ಯಜಮಾನ್ರು ಕ್ಯಾಬಿನ್‌ಗೆ ಓಡಿದ್ರೆ ಸೂಟ್‌ಕೇಸ್ ಇನ್ನೂ ಬಂದೇ ಇರ್ಲಿಲ್ಲ. ಬಂದರಲ್ಲಿ ಕೊಟ್ಟ ದೊಡ್ಡ ಬ್ಯಾಗುಗಳು ಕ್ಯಾಬಿನ್ ಬಾಗಿಲಿಗೆ ಬರೋದಕ್ಕೆ ಎಷ್ಟೋ ಗಂಟೆ ಹಿಡಿಯುತ್ತೆ, ಕೆಲವು ಸಲ ರಾತ್ರಿ ಊಟದ ಹೊತ್ತಾಗುತ್ತೆ, ಇದು ಹೆಚ್ಚುಕಮ್ಮಿ ಎಲ್ಲಾ ಹಡಗಲ್ಲೂ ಹೀಗೇ. ಅವತ್ತು ಸೂರ್ಯ ಸಮುದ್ರಕ್ಕೆ ಇಳಿಯೋ ಹೊತ್ತಿಗೆ ನಾವು ಐದೂ ಜನ ಕ್ಯಾಬಿನ್ ಒಳಗೆ ಕಂಬಳಿ ಹೊದ್ಕೊಂಡು ಕೂತಿದ್ವಿ. ಅಷ್ಟು ದಿನ ಕಾದು ಹೋದ ಪ್ರವಾಸ, ಅತ್ತೆ ಜೀವನದಲ್ಲಿ ಮೊದಲ ಸಲ ನಡುಸಮುದ್ರದ ಸೂರ್ಯಾಸ್ತ ನೋಡ್ಬೇಕಿತ್ತು. ಆ ಬೇಜಾರು ಇವತ್ತಿಗೂ ಇದೆ ನನಗೆ.

ಆಮೇಲೆ ಕೂತು ಯೋಚ್ನೆ ಮಾಡಿದೆ, 27 ಡಿಗ್ರಿ ಅಂದಿದ್ದು ಸುಳ್ಳೇನಲ್ಲ, ಮತ್ತೆ ಅಷ್ಟು ಚಳಿ ಎಲ್ಲಿಂದ ಬಂತು? ಉತ್ತರ ಏನು ಅಂದ್ರೆ, ಓಡೋ ಹಡಗು ತನ್ನ ಗಾಳಿಯನ್ನ ತಾನೇ ಹುಟ್ಟಿಸುತ್ತೆ. ಬೈಕಲ್ಲಿ ಹೋಗುವಾಗ ಒಂದು ಎಲೆನೂ ಅಲ್ಲಾಡದ ದಿನ ಕೂಡ ಮುಖಕ್ಕೆ ಗಾಳಿ ಹೊಡೆಯುತ್ತಲ್ಲ, ಅದೇ ಲೆಕ್ಕ. ದೊಡ್ಡ ಕ್ರೂಸ್ ಹಡಗುಗಳು ಸುಮಾರು 20 ನಾಟ್ ವೇಗದಲ್ಲಿ ಹೋಗ್ತವೆ, ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್, ಅಂದ್ರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಇನ್ನು ಎದುರಿಂದ ಸಮುದ್ರದ್ದೇ ಒಂದು 10 ನಾಟ್ ಗಾಳಿ ಬಂತು ಅಂದ್ಕೊಳ್ಳಿ, ಎರಡೂ ಸೇರಿ ಡೆಕ್ ಮೇಲೆ ನಿಂತವರಿಗೆ 30 ನಾಟ್, ಗಂಟೆಗೆ 55 ಕಿಲೋಮೀಟರ್ ಗಾಳಿ. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಅನ್ನೋ ಬ್ರಿಟಿಷ್ ನೌಕಾಧಿಕಾರಿ ಗಾಳಿಯ ಬಲ ಅಳೆಯೋಕೆ ಸೊನ್ನೆಯಿಂದ ಹನ್ನೆರಡರ ತನಕ ಒಂದು ಅಳತೆ ಮಾಡಿದ, ನಾವಿಕರು ಇವತ್ತಿಗೂ ಬಳಸೋದು ಅದನ್ನೇ. ಅದ್ರಲ್ಲಿ ಈ 30 ನಾಟ್ ಏಳನೇ ಮೆಟ್ಟಿಲಿಗೆ ಬರುತ್ತೆ, ನೆಲದ ಮೇಲಾಗಿದ್ರೆ ಇಡೀ ಮರ ತೂಗಾಡುತ್ತೆ, ಎದುರುಗಾಳಿಗೆ ನಡೆಯೋದೇ ಕಷ್ಟ ಅನ್ಸುತ್ತೆ. ಅಂಥ ಗಾಳಿಯಲ್ಲಿ ಒದ್ದೆ ಮಗುವನ್ನ ನಿಲ್ಲಿಸಿದ್ವಿ ನಾವು. ಅದೇ 10 ನಾಟ್ ಗಾಳಿ ಹಡಗಿನ ಹಿಂದಿನಿಂದ ಬೀಸಿದ್ರೆ 20ರಲ್ಲಿ ಅಷ್ಟು ಕಳೆದು ಡೆಕ್ಕಲ್ಲಿ ಬರೀ 10 ನಾಟ್ ಗಾಳಿ ಉಳಿಯುತ್ತೆ, ಅದಕ್ಕೇ ಒಂದು ಸಾಯಂಕಾಲ ಹಾಯಾಗಿರುತ್ತೆ, ಮರುದಿನ ಹಡಗು ದಿಕ್ಕು ಬದಲಿಸಿದ ತಕ್ಷಣ ನಿಲ್ಲೋಕಾಗಲ್ಲ. ಬಂದರಲ್ಲಿ ನಿಂತಾಗ ಮೋಸ ಹೋಗೋದೂ ಇದಕ್ಕೇ, ನಿಂತ ಹಡಗಿಗೆ ತನ್ನದೇ ಗಾಳಿ ಇಲ್ಲ.

ಫ್ಯಾನ್ ಹಾಕಿದ್ರೆ ರೂಮಿನ ಬಿಸಿ ಕಮ್ಮಿ ಆಗಲ್ಲ, ಆದ್ರೂ ಮೈಗೆ ತಂಪು ಅನ್ಸುತ್ತೆ ಅಲ್ವಾ? ನಮ್ಮ ಚರ್ಮದ ಸುತ್ತ ಮೈ ಕಾವಿಗೆ ಬೆಚ್ಚಗಾದ ತೆಳು ಗಾಳಿಯ ಪದರ ಒಂದು ಇರುತ್ತೆ, ಬೀಸೋ ಗಾಳಿ ಅದನ್ನ ಕಿತ್ಕೊಂಡು ಹೋಗ್ತಾನೇ ಇರುತ್ತೆ, ಮೈ ಮತ್ತೆ ಮತ್ತೆ ಬಿಸಿ ಮಾಡ್ಬೇಕು. ಮೈ ಒದ್ದೆ ಇದ್ರೆ ಇನ್ನೂ ಜೋರು, ನೀರು ಆರುವಾಗ ಮೈಯಿಂದಲೇ ಕಾವು ಎಳ್ಕೊಳ್ಳುತ್ತೆ. ಹಾಗಾಗಿ ನಾವು ಪ್ಯಾಕ್ ಮಾಡ್ಬೇಕಿರೋದು ಚಳಿಗಲ್ಲ, ಗಾಳಿಗೆ. ಎರಡೂ ಒಂದೇ ಅಂದ್ಕೊಂಡಿರೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ದಪ್ಪ ಸ್ವೆಟರ್ ಇದ್ಯಲ್ಲ, ಅದು ಹೆಣಿಗೆ, ತೂತು ತೂತು, ಗಾಳಿ ಇಲ್ಲದ ಕಡೆ ತುಂಬಾ ಬೆಚ್ಚಗಿರುತ್ತೆ, ಡೆಕ್ ಮೇಲೆ ಗಾಳಿ ಅದರೊಳಗೆ ನುಗ್ಗಿ ಈ ಕಡೆಯಿಂದ ಆ ಕಡೆ ಹೋಗ್ಬಿಡುತ್ತೆ. ಅದೇ ತೆಳ್ಳಗಿನ ನೈಲಾನ್ ವಿಂಡ್‌ಚೀಟರ್ ಒಂದನ್ನ ಮುಷ್ಟಿಯಷ್ಟಕ್ಕೆ ಮಡಚಬಹುದು, ಅದು ಗಾಳಿನ ಅಲ್ಲೇ ನಿಲ್ಲಿಸುತ್ತೆ. ಅದರೊಳಗೆ ಒಂದು ತೆಳು ಉಣ್ಣೆದೋ ಫ್ಲೀಸ್‌ದೋ ಟಾಪ್ ಇದ್ರೆ ಸಾಕು, ದಪ್ಪ ಸ್ವೆಟರ್ ಎರಡು ಹಾಕಿದ್ರೂ ಸಿಗದಷ್ಟು ಬೆಚ್ಚಗೆ ಇರ್ತೀರಿ. ಸೆಕೆ ಅನ್ಸಿದ್ರೆ ಒಂದು ತೆಗೆದು ಸೊಂಟಕ್ಕೆ ಕಟ್ಕೊಂಡ್ರಾಯ್ತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಜಾಕೆಟ್ ಬಟ್ಟೆಯನ್ನ ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ, ಆಚೆ ಕಡೆ ಅಂಗೈ ಇಟ್ಕೊಳ್ಳಿ. ಉಸಿರು ಅಂಗೈಗೆ ತಾಕಿದ್ರೆ ಆ ಬಟ್ಟೆ ಒಳಪದರಕ್ಕೆ ಆಗುತ್ತೆ, ಹೊರಗಡೆಗೆ ಆಗಲ್ಲ. ನಾನು ಹೀಗೆ ಊದಿ ಊದಿನೇ ಮನೆಯಲ್ಲಿದ್ದ ಅರ್ಧ ಬಟ್ಟೆ ಪಕ್ಕಕ್ಕಿಟ್ಟೆ. ಅಂದ ಹಾಗೆ ಹೊಸದು ಕೊಳ್ಳಲೇಬೇಕು ಅಂತೇನಿಲ್ಲ, ಮಳೆಗೆ ಹಾಕೋ ತೆಳು ರೇನ್‌ಕೋಟ್ ಇದ್ರೆ ಅದೂ ಇದೇ ಕೆಲಸ ಮಾಡುತ್ತೆ.

ಈಗ ಮಕ್ಕಳ ವಿಷಯ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಮಕ್ಕಳಿಗೆ ತೂಕಕ್ಕೆ ಹೋಲಿಸಿದ್ರೆ ಮೈ ಹೊರಭಾಗ ನಮಗಿಂತ ಜಾಸ್ತಿ, ಹಾಗಾಗಿ ಕಾವು ಬೇಗ ಕಳ್ಕೊಳ್ತಾವೆ. ಆಟದ ಗುಂಗಲ್ಲಿ ಚಳಿ ಅಂತ ಹೇಳೋದೂ ಇಲ್ಲ, ನಾವು ನೋಡೋ ಹೊತ್ತಿಗೆ ನಡುಕ ಶುರುವಾಗಿರುತ್ತೆ. ಸಂಜೆ ಈಜುಕೊಳದಿಂದ ಎದ್ದ ಮಗುವಿಗೆ ಟವೆಲ್ ಸುತ್ತಿ ಬಿಸಿಲಿಗೆ ಕೂರ್ಸಿದ್ರೆ ಸಾಲಲ್ಲ, ಒದ್ದೆ ಟವೆಲ್ ಅಂದ್ರೆ ಇನ್ನೊಂದು ಒದ್ದೆ ಬಟ್ಟೆ ಅಷ್ಟೇ, ಈಜೋ ಬಟ್ಟೆ ಬಿಚ್ಚಿಸಿ, ತಲೆ ಒರೆಸಿ, ಒಣಗಿದ ಬಟ್ಟೆ ಹಾಕಿ, ಮೇಲೊಂದು ಹುಡ್ ಇರೋ ಜಾಕೆಟ್ ಜಿಪ್ ಎಳೀಬೇಕು, ಅದಕ್ಕೇ ಈಜುಕೊಳಕ್ಕೆ ಹೋಗುವಾಗ್ಲೇ ಆ ಬಟ್ಟೆ ಜೊತೆಗಿರ್ಬೇಕು, ಕ್ಯಾಬಿನ್‌ಗೆ ಹೋಗಿ ತರ್ತೀನಿ ಅಂದ್ರೆ ಲಿಫ್ಟ್ ಕಾಯೋದ್ರಲ್ಲೇ ಹತ್ತು ನಿಮಿಷ ಹೋಗುತ್ತೆ. ಎಷ್ಟೋ ಹಡಗಲ್ಲಿ ರಾತ್ರಿ ಈಜುಕೊಳದ ಪಕ್ಕ ದೊಡ್ಡ ಪರದೆ ಮೇಲೆ ಸಿನಿಮಾ ಹಾಕ್ತಾರೆ, ಮಕ್ಕಳಿಗೆ ಅದು ಪ್ರಾಣ. ಆದ್ರೆ ಓಡಾಡುವಾಗ ಮೈ ತಾನೇ ಕಾವು ಮಾಡ್ಕೊಳ್ಳುತ್ತೆ, ಎರಡು ಗಂಟೆ ಅಲ್ಲಾಡದೆ ಕೂತಾಗ ಆ ಕಾವು ಇರಲ್ಲ. ಸಿನಿಮಾ ರಾತ್ರಿಗೆ ಸಾಕ್ಸ್, ಉದ್ದ ಪ್ಯಾಂಟ್, ಕಿವಿ ಮುಚ್ಚೋ ಟೋಪಿ ಬೇಕೇ ಬೇಕು. ಸಣ್ಣ ಮಗು ಇದ್ರೆ ಗಲ್ಲದ ಕೆಳಗೆ ಕಟ್ಟೋ ಕುಲಾವಿಗಿಂತ ಒಳ್ಳೇದು ಯಾವ್ದೂ ಇಲ್ಲ, ಗಾಳಿಗೆ ಹಾರಲ್ಲ, ಕಿವಿನೂ ಮುಚ್ಚುತ್ತೆ. ಬರೀ ತಲೆ ಮೇಲೆ ಕೂರೋ ಕ್ಯಾಪ್ ಒಂದು ಹಾರಿ ಸಮುದ್ರಕ್ಕೆ ಬಿದ್ರೆ ಅದರ ಹಿಂದೆ ಮಗು ರೇಲಿಂಗ್ ಕಡೆ ಓಡುತ್ತೆ, ಅದು ನನಗೆ ಚಳಿಗಿಂತ ದೊಡ್ಡ ಭಯ.

ದೊಡ್ಡವರಿಗೆ ಶಾಲು ಸಾಕಲ್ವಾ ಅಂತ ಕೇಳ್ತಾರೆ. ಊಟದ ಹಾಲಿಗೆ, ನಾಟಕ ಹಾಡು ನಡೆಯೋ ಥಿಯೇಟರ್‌ಗೆ ಶಾಲು ಚೆನ್ನಾಗಿದೆ, ತಗೊಂಡ್ಹೋಗಿ, ಯಾಕಂದ್ರೆ ಒಳಗಡೆ ಎಸಿ ಜೋರಾಗಿರುತ್ತೆ, ಬಿಸಿಲಿಂದ ನೇರ ಒಳಗೆ ಬಂದವರಿಗೆ ಹತ್ತು ನಿಮಿಷದಲ್ಲಿ ಭುಜ ತಣ್ಣಗಾಗುತ್ತೆ. ಆದ್ರೆ ಡೆಕ್ ಮೇಲೆ ಶಾಲು ಹಡಗಿನ ಹಾಯಿ ಥರ ಗಾಳಿ ತುಂಬ್ಕೊಳ್ಳುತ್ತೆ, ಎರಡೂ ಕೈಯಲ್ಲಿ ಅದನ್ನೇ ಹಿಡ್ಕೊಂಡಿರ್ಬೇಕು. ವಯಸ್ಸಾದವರಿಗೆ ಒಂದು ಕೈ ಯಾವಾಗ್ಲೂ ರೇಲಿಂಗ್ ಹಿಡಿಯೋಕೆ ಖಾಲಿ ಇರ್ಬೇಕು, ಹಡಗು ಸ್ವಲ್ಪ ಓಲಾಡಿದ್ರೂ ಸಾಕು. ಹಾಗಾಗಿ ಅತ್ತೆಗೆ ಮುಂದೆ ಜಿಪ್ ಇರೋ, ತೊಡೆ ತನಕ ಬರೋ ಜಾಕೆಟ್ ಕೊಡ್ಸಿದ್ವಿ. ಮೊದಮೊದಲು ಇದೆಲ್ಲಾ ನನಗ್ಯಾಕೆ ಅಂದ್ರು, ಆಮೇಲೆ ಅದನ್ನ ಬಿಚ್ಚಲೇ ಇಲ್ಲ.

ಜೀನ್ಸ್ ಬಗ್ಗೆನೂ ಹೇಳ್ಬೇಕು. ಎಲ್ರೂ ಮೊದಲು ತುಂಬೋದೇ ಜೀನ್ಸ್, ನನ್ನ ಪ್ರಕಾರ ಸಮುದ್ರಕ್ಕೆ ಅದು ಸರಿಯಾದ ಬಟ್ಟೆ ಅಲ್ಲ. ಭಾರ, ದಪ್ಪ ಹತ್ತಿ, ಒಮ್ಮೆ ಒದ್ದೆ ಆದ್ರೆ ಕ್ಯಾಬಿನ್‌ನ ಪುಟ್ಟ ಬಾತ್‌ರೂಮಲ್ಲಿ ಎರಡು ದಿನ ಆದ್ರೂ ಒಣಗಲ್ಲ. ಮೇಲಿಂದ ಉಪ್ಪುನೀರಿನ ಹನಿ ಬಿದ್ದು ಆರಿದ ಬಟ್ಟೆಯಲ್ಲಿ ಉಪ್ಪು ಉಳ್ಕೊಳ್ಳುತ್ತೆ, ಉಪ್ಪು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ, ಅದಕ್ಕೇ ಒಣಗಿದೆ ಅಂದ್ಕೊಂಡ ಪ್ಯಾಂಟ್ ಸಾಯಂಕಾಲ ಹಾಕಿದ್ರೆ ತಣ್ಣಗೆ ಜಿಗಿಜಿಗಿ ಅನ್ಸುತ್ತೆ. ಸಿಹಿನೀರಲ್ಲಿ ಒಮ್ಮೆ ಜಾಲಿಸಿದ್ರೆ ಮಾತ್ರ ಸರಿಹೋಗೋದು. ಬೇಗ ಒಣಗೋ ಟ್ರ್ಯಾಕ್ ಪ್ಯಾಂಟೋ ಟ್ರೆಕ್ಕಿಂಗ್ ಪ್ಯಾಂಟೋ ತಗೊಳ್ಳಿ. ಉಣ್ಣೆಗೆ ನಾನು ಇಷ್ಟೊಂದು ಒತ್ತು ಕೊಡೋದೂ ಇದೇ ಕಾರಣಕ್ಕೆ, ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದ್ರೂ ಒದ್ದೆ ಅಂತ ಅನ್ಸೋದೇ ಇಲ್ಲ.

ಇದನ್ನೆಲ್ಲಾ ಕೇಳಿ ನಾವು ಹೋಗೋದು ಬಿಸಿ ಊರಿನ ಕಡೆ, ನಮಗೆ ಬೇಡ ಅನ್ಬೇಡಿ. ಅಲಾಸ್ಕಾ ಕಡೆ ಹೋಗೋರು ಹೇಗೂ ತಯಾರಾಗೇ ಹೋಗ್ತಾರೆ, ಅಲ್ಲಿ ಜುಲೈಯಲ್ಲೂ ಹಗಲು ಹದಿನೈದು ಹದಿನೆಂಟು ಡಿಗ್ರಿ ಅಂತ ಗೊತ್ತಿರುತ್ತೆ. ಪೆಟ್ಟು ತಿನ್ನೋದು ಗ್ರೀಸ್ ಕಡೆ ಹೋಗೋರು. ಅಲ್ಲಿ ಏಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಅಂತ ಉತ್ತರದ ಗಾಳಿ ಬೀಸುತ್ತೆ, ಅದರ ಜೋರು ಇರೋದೇ ಜುಲೈ ಆಗಸ್ಟಲ್ಲಿ, ಆಕಾಶ ಶುಭ್ರ ನೀಲಿ, ಸುಡು ಬಿಸಿಲು, ಗಾಳಿ ಮಾತ್ರ ನಿಲ್ಲೋಕೆ ಬಿಡಲ್ಲ.

ಇನ್ನು ಜಾಗ ಎಲ್ಲಿದೆ ಇದಕ್ಕೆಲ್ಲಾ ಅಂತ ಕೇಳಿದ್ರೆ, ಫೋಟೋಗೆ ಅಂತ ದಿನಕ್ಕೊಂದು ಜೊತೆ ತುಂಬ್ತೀವಲ್ಲ, ಅದರಲ್ಲಿ ಅರ್ಧ ಬಿಡಿ. ಇದು ಕೆಲವರಿಗೆ ಇಷ್ಟ ಆಗಲ್ಲ ಗೊತ್ತು. ಇಡೀ ಕುಟುಂಬ ಒಂದೇ ಬಣ್ಣದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋದು ನನಗೂ ಇಷ್ಟ, ಆದ್ರೆ ಎರಡನೇ ಸಲ ಹೋದಾಗ ನಾವು ಮಾಡಿದ್ದು ಏನು ಅಂದ್ರೆ ಎಲ್ರಿಗೂ ವಿಂಡ್‌ಚೀಟರನ್ನೇ ಕೆಂಪು ಬಣ್ಣದ್ದು ತಗೊಂಡ್ವಿ. ಫೋಟೋದಲ್ಲೂ ಚೆನ್ನಾಗಿ ಬಂತು, ಜನಜಂಗುಳಿ ಡೆಕ್ಕಲ್ಲಿ ಮಗಳನ್ನ ದೂರದಿಂದ ಗುರುತು ಹಿಡಿಯೋಕೂ ಆಯ್ತು. ಇಸ್ತ್ರಿ ಬೇಕಾಗೋ ಬಟ್ಟೆನೂ ಬೇಡ, ಬೆಂಕಿ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಇಸ್ತ್ರಿಪೆಟ್ಟಿಗೆ ತರೋಕೆ ಬಿಡಲ್ಲ.

ಗಾಳಿ ಜೋರಿದ್ದ ದಿನ ಎಲ್ಲಿ ನಿಲ್ಲೋದು ಅನ್ನೋದೂ ಮುಖ್ಯ. ತುದಿಯ ಮೇಲಿನ ಡೆಕ್ ಮತ್ತು ಹಡಗಿನ ಮುಂಭಾಗದಲ್ಲಿ ಹೊಡೆತ ಜಾಸ್ತಿ, ಹಿಂಭಾಗದಲ್ಲಿ ಹಡಗೇ ಅಡ್ಡ ಇರುತ್ತೆ. ಕೆಳಗಿನ ಪ್ರೊಮೆನೇಡ್ ಡೆಕ್ಕಲ್ಲಿ, ಅಂದ್ರೆ ಹಡಗಿನ ಬದಿಯುದ್ದಕ್ಕೂ ನಡೆದಾಡೋ ಡೆಕ್ಕಲ್ಲಿ, ಒಂದು ಬದಿ ಗಾಳಿ ಬಡೀತಿದ್ರೆ ಇನ್ನೊಂದು ಬದಿಗೆ ಹೋಗಿ ನೋಡಿ, ಬೇರೆ ಊರಿಗೆ ಬಂದ ಹಾಗಿರುತ್ತೆ. ಅತ್ತೆ ಅವತ್ತು ತಪ್ಪಿಸ್ಕೊಂಡ ಸೂರ್ಯಾಸ್ತವನ್ನ ಎರಡನೇ ಪ್ರವಾಸದಲ್ಲಿ ನೋಡಿದ್ದು ಹಡಗಿನ ಹಿಂಭಾಗದಲ್ಲಿ ಕೂತು, ಆ ಕೆಂಪು ಜಾಕೆಟ್‌ನ ಹುಡ್ ಹಾಕ್ಕೊಂಡು, ಪೂರ್ತಿ ಕತ್ತಲಾಗೋ ತನಕ. ಒಳಗೆ ಹೋಗೋಣ ಬನ್ನಿ ಅಂದ್ರೆ ನೀವು ಹೋಗಿ, ನಾನು ಬರ್ತೀನಿ ಅಂದ್ರು.

ಆ ಜಾಕೆಟ್‌ಗಳೆಲ್ಲಾ ಆ ಸಲ ಇದ್ದಿದ್ದು ನನ್ನ ಹೆಗಲ ಚೀಲದಲ್ಲಿ, ಹಡಗು ಹತ್ತೋವಾಗ್ಲೇ. ಐದು ವಿಂಡ್‌ಚೀಟರ್, ಮಗಳ ಒಣ ಬಟ್ಟೆ ಒಂದು ಜೊತೆ, ಟೋಪಿ, ಸಾಕ್ಸ್, ಜೊತೆಗೆ ಔಷಧಿ, ಪಾಸ್‌ಪೋರ್ಟ್. ಸೂಟ್‌ಕೇಸ್ ಯಾವಾಗ ಬಂದ್ರೂ ಯೋಚ್ನೆ ಇರ್ಲಿಲ್ಲ. ಇದೇ ಮಾತು ಕೊನೇ ರಾತ್ರಿಗೂ. ಇಳಿಯೋ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನ ಕ್ಯಾಬಿನ್ ಹೊರಗೆ ಇಡೋಕೆ ಹೇಳ್ತಾರೆ, ಸಿಬ್ಬಂದಿ ತಗೊಂಡು ಹೋಗ್ತಾರೆ, ಆತುರದಲ್ಲಿ ಜಾಕೆಟ್‌ನೂ ಅದರೊಳಗೆ ಹಾಕ್ಬಿಡ್ತೀವಿ. ಹಾಕ್ಬೇಡಿ, ಬಾಗಿಲ ಹತ್ರ ನೇತುಹಾಕಿಡಿ. ಬೆಳಗಿನ ಜಾವ ಹಡಗು ಬಂದರಿಗೆ ಬರೋದನ್ನ ನೋಡೋಕೆ ಮಕ್ಕಳು ಎದ್ದೇ ಏಳ್ತಾರೆ, ಆಗಿನ ಗಾಳಿ ಸಾಯಂಕಾಲದ್ದಕ್ಕಿಂತ ತಣ್ಣಗಿರುತ್ತೆ.